ಗಣಕಯಂತ್ರದ ಮೆಮೊರಿ: ಕೊಳ್ಳುವ ಮೊದಲು ಅಳೆದು ನೋಡಿರಿ

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಕಟ್ಟಡದ ನಕ್ಷೆ ತೆಗೆಯುವವರು, ಬಟ್ಟೆಯ ಛಾಪಿಗೆ ಚಿತ್ತಾರ ಬಿಡಿಸುವವರು, ಲಗ್ನಪತ್ರಿಕೆ ಹಾಗೂ ಜಾಹೀರಾತಿನ ಫಲಕಗಳನ್ನು ಜೋಡಿಸುವವರು ಈಗ ಬಹಳ ಮಂದಿ ಇದ್ದಾರೆ. ಇವರೆಲ್ಲರ ಕೆಲಸವೂ ಗಣಕಯಂತ್ರದ ಮೇಲೆಯೇ. ಇವರೆಲ್ಲರ ಬಾಯಲ್ಲಿಯೂ ಕೇಳಿಬರುವ ದೂರು ಒಂದೇ: ದೊಡ್ಡ ಚಿತ್ರವೊಂದನ್ನು ತೆರೆದೊಡನೆ ಯಂತ್ರವು ತೂಕಡಿಸತೊಡಗುತ್ತದೆ, ಗುಂಡಿ ಒತ್ತಿದರೆ ಅರ್ಧ ನಿಮಿಷದ ಮೇಲೆ ಉತ್ತರ ಬರುತ್ತದೆ, ಕೆಲವೊಮ್ಮೆ ಸಾಫ್ಟ್‌ವೇರು ತಾನಾಗಿಯೇ ಮುಚ್ಚಿಹೋಗಿ ಎರಡು ತಾಸಿನ ದುಡಿಮೆ ನೀರುಪಾಲಾಗುತ್ತದೆ. ತಿಂಗಳ ಪಗಾರದವರಿಗೆ ಇದರಿಂದ ಮೇಲಿನವರ ಮಾತು ಕೇಳಬೇಕಾಗುತ್ತದೆ. ನಗಕ್ಕೆ ಇಷ್ಟೆಂದು ಕೂಲಿ ಪಡೆಯುವವರಿಗೆ ಆ ದಿನದ ಕೂಲಿಯೇ ಕಡಿಮೆಯಾಗುತ್ತದೆ.

ರಿಪೇರಿ ಅಂಗಡಿಯಲ್ಲಿ ವಿಚಾರಿಸಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ, "ಮೆಮೊರಿ ಸಾಲದು, ಇನ್ನೊಂದು ಪಟ್ಟಿ ಹಾಕಿಸಿರಿ" ಎಂಬುದು. ಈ ಮಾತು ಕೆಲವೊಮ್ಮೆ ನಿಜ, ಕೆಲವೊಮ್ಮೆ ನಿಜವಲ್ಲ. ನಿಜವಲ್ಲದ ಸಂದರ್ಭದಲ್ಲಿ ಹಣವೂ ಹೋಗಿ, ಯಂತ್ರವೂ ಮೊದಲಿನಂತೆಯೇ ಉಳಿಯುತ್ತದೆ. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ಜಗತ್ತಿನಾದ್ಯಂತ ಏಕಾಏಕಿ ಏರಿತು. ತಯಾರಕರು ತಮ್ಮ ಮಾಲಿನ ದೊಡ್ಡ ಪಾಲನ್ನು ಕೃತಕ ಬುದ್ಧಿಯ ಕೇಂದ್ರಗಳಿಗೆ ತಿರುಗಿಸಿದ್ದೇ ಇದಕ್ಕೆ ಮುಖ್ಯ ಕಾರಣ. ಹೀಗಿರುವಾಗ ಊಹೆಯ ಮೇಲೆ ಹಣ ಸುರಿಯುವುದು ನಮ್ಮಂಥವರಿಗೆ ತಕ್ಕುದಲ್ಲ.

ಯಂತ್ರಕ್ಕೆ ನಿಜವಾಗಿ ಏನು ಕೊರತೆಯಾಗಿದೆ ಎಂಬುದನ್ನು ತೋರಿಸುವ ಮಾಪಕಗಳು ಒಂದು ಕಾಸೂ ಖರ್ಚಿಲ್ಲದೆ ದೊರೆಯುತ್ತವೆ. ಅವುಗಳಲ್ಲಿ ಮುಖ್ಯವಾದವು ಯಂತ್ರದೊಳಗೆ ಮೊದಲೇ ಇವೆ. ಅವನ್ನು ತೆರೆಯುವುದು ಹೇಗೆ, ಅವುಗಳ ಅಂಕಿಗಳನ್ನು ಓದುವುದು ಹೇಗೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮೇಜು ಮತ್ತು ಬೀರು

ಮೊದಲು ಮೆಮೊರಿಯೆಂದರೇನು ಎಂಬುದನ್ನು ಸ್ಪಷ್ಟ ಮಾಡಿಕೊಳ್ಳೋಣ. ಕಚೇರಿಯಲ್ಲಿ ಕಾರಕೂನನ ಮುಂದೆ ಒಂದು ಮೇಜು, ಗೋಡೆಯ ಬಳಿ ಒಂದು ಬೀರು ಇರುತ್ತವೆ. ಖಾತೆ ಪುಸ್ತಕಗಳೆಲ್ಲ ಬೀರುವಿನಲ್ಲಿ. ಈ ಹೊತ್ತು ಬರೆಯುತ್ತಿರುವ ಪುಸ್ತಕ ಮಾತ್ರ ಮೇಜಿನ ಮೇಲೆ. ಗಣಕಯಂತ್ರದಲ್ಲಿ ಬೀರುವೆಂದರೆ ಡಿಸ್ಕು. ಮೇಜೆಂದರೆ ರ್ಯಾಮ್ ಎಂಬ ಮೆಮೊರಿ. ಡಿಸ್ಕಿನಲ್ಲಿಟ್ಟದ್ದು ವಿದ್ಯುತ್ ಹೋದರೂ ಉಳಿಯುತ್ತದೆ. ರ್ಯಾಮಿನಲ್ಲಿದ್ದದ್ದು ವಿದ್ಯುತ್ ಹೋದೊಡನೆ ಅಳಿಸಿಹೋಗುತ್ತದೆ. ಯಂತ್ರದ ಮಿದುಳಾದ ಪ್ರೊಸೆಸರು ಕೆಲಸ ಮಾಡುವುದು ರ್ಯಾಮಿನಲ್ಲಿರುವ ಸಾಮಗ್ರಿಯ ಮೇಲೆಯೇ ಹೊರತು ಡಿಸ್ಕಿನಲ್ಲಿರುವುದರ ಮೇಲೆ ನೇರವಾಗಿ ಅಲ್ಲ.

ಮೇಜು ತುಂಬಿದಾಗ ಕಾರಕೂನನು ಏನು ಮಾಡುತ್ತಾನೆ? ಸದ್ಯಕ್ಕೆ ಬೇಡವಾದ ಪುಸ್ತಕವನ್ನು ಬೀರುವಿಗೆ ಸೇರಿಸಿ, ಬೇಕಾದುದನ್ನು ತರುತ್ತಾನೆ. ಗಣಕಯಂತ್ರವೂ ಹಾಗೆಯೇ ಮಾಡುತ್ತದೆ. ಡಿಸ್ಕಿನ ಒಂದು ಭಾಗವನ್ನು ಅದು ಇದಕ್ಕಾಗಿಯೇ ಕಾದಿರಿಸುತ್ತದೆ. ಅದಕ್ಕೆ ಪೇಜ್ ಫೈಲ್ ಎನ್ನುತ್ತಾರೆ. ಈ ಉಪಾಯವು ಹಳೆಯದು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಟಾಮ್ ಕಿಲ್ಬರ್ನ್ ಮತ್ತು ಅವರ ಸಂಗಡಿಗರು ಕಟ್ಟಿದ ಅಟ್ಲಾಸ್ ಎಂಬ ಯಂತ್ರದಲ್ಲಿ 1962ರಷ್ಟು ಹಿಂದೆಯೇ ಚಿಕ್ಕ ವೇಗದ ಮೆಮೊರಿಯನ್ನೂ ದೊಡ್ಡ ನಿಧಾನದ ಉರುಳೆಯನ್ನೂ ಸೇರಿಸಿ, ಎರಡೂ ಒಂದೇ ಎಂಬಂತೆ ನಡೆಸುವ ಏರ್ಪಾಟು ಇತ್ತು.

ಆದರೆ ಬೀರುವಿಗೆ ಎದ್ದುಹೋಗುವ ಹೊತ್ತು ಎಷ್ಟೆಂಬುದನ್ನು ಗಮನಿಸಬೇಕು. ರ್ಯಾಮಿನಿಂದ ಒಂದು ಅಂಶವನ್ನು ಎತ್ತಿಕೊಳ್ಳಲು ಸುಮಾರು ಒಂದು ಸೆಕೆಂಡಿನ ಕೋಟಿಯಲ್ಲೊಂದು ಪಾಲು ಹಿಡಿಯುತ್ತದೆ. ತಿರುಗುವ ಹಳೆಯ ಹಾರ್ಡ್ ಡಿಸ್ಕಿನಿಂದ ತರಲು ಸೆಕೆಂಡಿನ ನೂರರಲ್ಲೊಂದು ಪಾಲು. ಕೇಳಲು ಎರಡೂ ಅಲ್ಪವೇ. ಆದರೆ ಎರಡನೆಯದು ಮೊದಲಿನದರ ಒಂದು ಲಕ್ಷ ಪಟ್ಟು. ಮೇಜಿನ ಮೇಲಿನ ಕಾಗದ ಎತ್ತಿಕೊಳ್ಳಲು ಒಂದು ಸೆಕೆಂಡು ಹಿಡಿಯುವುದೆಂದು ಭಾವಿಸಿದರೆ, ಹಾರ್ಡ್ ಡಿಸ್ಕೆಂಬ ಬೀರುವಿಗೆ ಹೋಗಿಬರಲು ಒಂದು ದಿನಕ್ಕಿಂತ ಹೆಚ್ಚು ಹಿಡಿದಂತಾಯಿತು. ತಿರುಗುವ ಭಾಗಗಳಿಲ್ಲದ ಹೊಸ ಬಗೆಯ ಎಸ್‌ಎಸ್‌ಡಿ ಡಿಸ್ಕಾದರೆ ಇದೇ ಲೆಕ್ಕದಲ್ಲಿ ಕಾಲು ಗಂಟೆಗಿಂತ ಸ್ವಲ್ಪ ಮೇಲೆ. ಆಗೊಮ್ಮೆ ಈಗೊಮ್ಮೆ ಎದ್ದುಹೋದರೆ ಚಿಂತೆಯಿಲ್ಲ. ಪ್ರತಿ ಸಾಲು ಬರೆಯುವುದಕ್ಕೂ ಎದ್ದುಹೋಗಬೇಕಾದರೆ ಬರೆಯುವುದು ಯಾವಾಗ? ಯಂತ್ರವು ಬರೀ ಸಾಗಣೆಯಲ್ಲೇ ಕಾಲ ಕಳೆಯುವ ಈ ಸ್ಥಿತಿಗೆ ಥ್ರ್ಯಾಶಿಂಗ್ ಎಂಬ ಹೆಸರುಂಟು. ಇದರ ಕಾರಣವನ್ನು ಪೀಟರ್ ಡೆನ್ನಿಂಗ್ ಎಂಬ ಅಮೆರಿಕನ್ ವಿದ್ವಾಂಸರು 1968ರಲ್ಲಿ ವಿವರಿಸಿದರು. ಒಂದು ಕೆಲಸಕ್ಕೆ ಆ ಹೊತ್ತಿನಲ್ಲಿ ಬೇಕಾದ ಸಾಮಗ್ರಿಯೆಲ್ಲ ಮೇಜಿನ ಮೇಲೆ ಹಿಡಿಯದಿದ್ದರೆ ವೇಗವು ಮೆಲ್ಲಗೆ ಇಳಿಯುವುದಿಲ್ಲ, ಒಮ್ಮೆಲೇ ಕುಸಿಯುತ್ತದೆ. ಬೆಳಗ್ಗೆ ಚೆನ್ನಾಗಿದ್ದ ಯಂತ್ರ ಮಧ್ಯಾಹ್ನ ಒಂದೇ ಒಂದು ಚಿತ್ರ ಹೆಚ್ಚು ತೆರೆದುದಕ್ಕೆ ನಿಂತುಬಿಡುವುದು ಇದರಿಂದಲೇ.

ಒಂದು ಸೀರೆಯ ಲೆಕ್ಕ

ಚಿತ್ತಾರದ ಕೆಲಸಕ್ಕೆ ಇಷ್ಟೊಂದು ಮೆಮೊರಿ ಏಕೆ ಬೇಕು? ಲೆಕ್ಕ ಹಾಕಿಯೇ ನೋಡೋಣ. ಐದೂವರೆ ಮೀಟರು ಉದ್ದ, 1.2 ಮೀಟರು ಅಗಲದ ಒಂದು ಸೀರೆಯ ಪೂರ್ತಿ ಚಿತ್ರವನ್ನು ಇಂಚಿಗೆ 300 ಚುಕ್ಕೆಯಂತೆ ತಯಾರಿಸುತ್ತೇವೆಂದು ಇಟ್ಟುಕೊಳ್ಳಿರಿ. ಉದ್ದಕ್ಕೆ ಸುಮಾರು 64,960 ಚುಕ್ಕೆ, ಅಗಲಕ್ಕೆ ಸುಮಾರು 14,170. ಗುಣಿಸಿದರೆ 92 ಕೋಟಿ ಚುಕ್ಕೆಗಳು. ಛಾಪಿನ ನಾಲ್ಕು ಬಣ್ಣಗಳಿಗೆ ಚುಕ್ಕೆಯೊಂದಕ್ಕೆ ನಾಲ್ಕು ಬೈಟು. ಅಂದರೆ 368 ಕೋಟಿ ಬೈಟು. ಇದು ಮೂರೂವರೆ ಜಿಬಿಯ ಆಸುಪಾಸು. ಇದೂ ಒಂದೇ ಪದರದ ಲೆಕ್ಕ. ಅಂಚಿಗೊಂದು, ಸೆರಗಿಗೊಂದು, ಒಡಲಿಗೊಂದು ಎಂದು ಪೂರ್ತಿ ತುಂಬಿದ ಪದರಗಳನ್ನು ಏರಿಸಿದರೆ ಪ್ರತಿಯೊಂದಕ್ಕೂ ಬೇರೆ ಜಾಗ ಬೇಕು. ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಸೌಕರ್ಯಕ್ಕಾಗಿ ಹಿಂದಿನ ಸ್ಥಿತಿಗಳನ್ನೂ ಯಂತ್ರವು ಇಟ್ಟುಕೊಂಡಿರುತ್ತದೆ. ಅದಕ್ಕೂ ಜಾಗ ಬೇಕು. 8 ಜಿಬಿಯ ಯಂತ್ರ ಇಲ್ಲಿ ಏದುಸಿರು ಬಿಟ್ಟರೆ ಆಶ್ಚರ್ಯವಿಲ್ಲ.

ಇದೇ ಸೀರೆಯನ್ನು ಇಂಚಿಗೆ 150 ಚುಕ್ಕೆಯಂತೆ ಮಾಡಿದರೆ ಉದ್ದವೂ ಅರ್ಧ, ಅಗಲವೂ ಅರ್ಧ. ಒಟ್ಟು ಕಾಲು ಪಾಲು. 92 ಕೋಟಿ ಬೈಟು, ಎಂದರೆ ಒಂದು ಜಿಬಿಗಿಂತ ಕಡಿಮೆ. ಛಾಪುವವರು 150 ಸಾಕೆಂದರೆ 300ರಲ್ಲಿ ಹೆಣಗುವುದು ವ್ಯರ್ಥ. ಇದನ್ನು ಕೆಲಸ ಹಿಡಿಯುವ ಮೊದಲೇ ಕೇಳಿ ತಿಳಿದುಕೊಳ್ಳತಕ್ಕದ್ದು.

ಇನ್ನೊಂದು ಮಾತು. ಡಿಸ್ಕಿನಲ್ಲಿ ಚಿತ್ರದ ಕಡತ 20 ಎಂಬಿ ಎಂದಿದ್ದರೆ ಮೆಮೊರಿಯಲ್ಲಿಯೂ ಅಷ್ಟೇ ಹಿಡಿಯುವುದೆಂದು ತಿಳಿಯಬಾರದು. ಜೇಪೆಗ್ ಮೊದಲಾದ ಕಡತಗಳು ಹತ್ತಿಯ ಬೇಲಿನಂತೆ ಒತ್ತಿ ಕಟ್ಟಿದವು. ಬಿಚ್ಚಿದಾಗ ಅವು ಹಲವು ಪಟ್ಟು ಹಿಗ್ಗುತ್ತವೆ. ಮೆಮೊರಿಯ ಲೆಕ್ಕಕ್ಕೆ ಚುಕ್ಕೆಗಳ ಸಂಖ್ಯೆಯೇ ಆಧಾರ, ಕಡತದ ತೂಕವಲ್ಲ.

ಹಿಂದಿನವರು ಎಷ್ಟರಲ್ಲಿ ನಿರ್ವಹಿಸುತ್ತಿದ್ದರೆಂಬುದನ್ನೂ ಇಲ್ಲಿ ನೆನೆಯಬಹುದು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ 1960ರಲ್ಲಿ ಕೆಲಸಕ್ಕೆ ತೊಡಗಿದ ಟಿಫ್ರ್ಯಾಕ್ ಎಂಬ ಗಣಕಯಂತ್ರದ ಮೆಮೊರಿಯಲ್ಲಿ 40 ಬಿಟ್ಟುಗಳ 2,048 ಪದಗಳಿಗೆ ಸ್ಥಳವಿತ್ತು. ಇಂದಿನ ಲೆಕ್ಕದಲ್ಲಿ ಅದು 10,240 ಬೈಟು. 8 ಜಿಬಿಯ ಸಾಧಾರಣ ಯಂತ್ರದಲ್ಲಿ ಅದರ ಎಂಟು ಲಕ್ಷ ಪಟ್ಟಿಗೂ ಮಿಕ್ಕಿದ ಸ್ಥಳವಿದೆ. ಆದರೂ ನಮಗೆ ಸಾಲದು. ಕೆಲಸದ ಗಾತ್ರ ಅಷ್ಟು ಬೆಳೆದಿದೆ.

ಯಂತ್ರದೊಳಗೇ ಇರುವ ಮಾಪಕ

ವಿಂಡೋಸ್ ಇರುವ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಗುಂಡಿಗಳನ್ನು ಒಟ್ಟಿಗೆ ಒತ್ತಿರಿ. ಟಾಸ್ಕ್ ಮ್ಯಾನೇಜರ್ ಎಂಬ ಪೆಟ್ಟಿಗೆ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಎಂಬ ಭಾಗಕ್ಕೆ ಹೋಗಿ ಮೆಮೊರಿ ಎಂಬುದನ್ನು ಆರಿಸಿರಿ. ಅಲ್ಲಿ ಕಾಣುವ ಅಂಕಿಗಳಲ್ಲಿ ನಾಲ್ಕು ಮುಖ್ಯ.

"ಇನ್ ಯೂಸ್" ಎಂಬುದು ಈಗ ಬಳಕೆಯಲ್ಲಿರುವ ಮೆಮೊರಿ. "ಅವೈಲಬಲ್" ಎಂಬುದು ಬೇಕೆಂದೊಡನೆ ಕೊಡಬಹುದಾದದ್ದು. "ಕ್ಯಾಶ್ಡ್" ಎಂಬುದು ಮುಂದೆ ಬೇಕಾದೀತೆಂದು ಯಂತ್ರವು ಮೇಜಿನ ಮೇಲೆಯೇ ಬಿಟ್ಟಿರುವ ಸಾಮಗ್ರಿ. ಇದರ ಬಹುಭಾಗವನ್ನು ಯಂತ್ರವು ಕ್ಷಣಮಾತ್ರದಲ್ಲಿ ಸರಿಸಿ ಜಾಗ ಕೊಡಬಲ್ಲದು. ಆದುದರಿಂದ ಈ ಅಂಕಿ ದೊಡ್ಡದಿದ್ದರೆ ಗಾಬರಿಪಡಬೇಕಾದುದಿಲ್ಲ, ಅದು ಒಳ್ಳೆಯದೇ. ಬರಿದಾಗಿ ಬಿದ್ದ ಮೇಜಿನಿಂದ ಯಾರಿಗೂ ಲಾಭವಿಲ್ಲ.

ನಾಲ್ಕನೆಯದಾದ "ಕಮಿಟೆಡ್" ಎಂಬುದನ್ನು ಅನೇಕರು ನೋಡುವುದೇ ಇಲ್ಲ. ಇದು ಎರಡು ಅಂಕಿಗಳ ಜೋಡಿ. ಉದಾಹರಣೆಗೆ 11 ಮತ್ತು 13 ಎಂದಿದ್ದರೆ, ತೆರೆದಿರುವ ಸಾಫ್ಟ್‌ವೇರುಗಳಿಗೆಲ್ಲ ಸೇರಿಸಿ ಯಂತ್ರವು 11 ಜಿಬಿ ಕೊಡುವುದಾಗಿ ಮಾತು ಕೊಟ್ಟಿದೆ. ರ್ಯಾಮು ಮತ್ತು ಪೇಜ್ ಫೈಲು ಎರಡೂ ಸೇರಿ ಅದರ ಬಳಿ ಇರುವುದು ಸುಮಾರು 13 ಜಿಬಿ. ಮೊದಲನೆಯದು ಎರಡನೆಯದನ್ನು ಮುಟ್ಟಿದಾಗ, ಇನ್ನು ಕೊಡಲು ಸಾಧ್ಯವಿಲ್ಲವೆಂದು ಯಂತ್ರವು ಕೈಯೆತ್ತಿಬಿಡುತ್ತದೆ. ಸಾಫ್ಟ್‌ವೇರು ಏಕಾಏಕಿ ಮುಚ್ಚಿಕೊಳ್ಳುವುದು ಅನೇಕ ವೇಳೆ ಆಗಲೇ. ಈ ಜೋಡಿ ಹತ್ತಿರ ಹತ್ತಿರ ಬರುವುದು ಕಂಡರೆ ಕೂಡಲೇ ಕೆಲಸವನ್ನು ಸೇವ್ ಮಾಡಿ, ಬೇಡವಾದುದನ್ನು ಮುಚ್ಚಿರಿ. ಈ ಒಂದು ಅಭ್ಯಾಸದಿಂದಲೇ ಎಷ್ಟೋ ದುಡಿಮೆ ಉಳಿದೀತು.

ಇದೇ ಪೆಟ್ಟಿಗೆಯ ಡಿಟೇಲ್ಸ್ ಎಂಬ ಭಾಗದಲ್ಲಿ ಕಲಮುಗಳ ಶಿರೋನಾಮೆಯ ಮೇಲೆ ಮೌಸಿನ ಬಲಗುಂಡಿ ಒತ್ತಿ, ಹೊಸ ಕಲಮುಗಳನ್ನು ಸೇರಿಸಬಹುದು. "ಪೀಕ್ ವರ್ಕಿಂಗ್ ಸೆಟ್" ಎಂಬುದನ್ನು ಸೇರಿಸಿಕೊಳ್ಳಿರಿ. ಸಾಫ್ಟ್‌ವೇರು ತೆರೆದಂದಿನಿಂದ ಈ ಹೊತ್ತಿನವರೆಗೆ ಅದು ರ್ಯಾಮಿನಲ್ಲಿ ಅತಿ ಹೆಚ್ಚೆಂದರೆ ಎಷ್ಟು ಜಾಗ ಹಿಡಿದಿತ್ತು ಎಂಬುದನ್ನು ಅದು ತಿಳಿಸುತ್ತದೆ. ಮಾಪಕದ ಮುಂದೆಯೇ ಕುಳಿತಿರಬೇಕಾಗಿಲ್ಲ. ಸಂಜೆ ಒಮ್ಮೆ ನೋಡಿದರೆ ಸಾಕು.

ಮೂರು ಆಯಾಮದ ಚಿತ್ರ ತೆಗೆಯುವವರು ಪರ್ಫಾರ್ಮೆನ್ಸ್ ಭಾಗದಲ್ಲಿ ಜಿಪಿಯು ಎಂಬುದನ್ನೂ ನೋಡಬೇಕು. ಚಿತ್ರದ ಕಾರ್ಡಿಗೆ ತನ್ನದೇ ಆದ ಬೇರೆ ಮೆಮೊರಿ ಉಂಟು. ಅದು ತುಂಬಿದ್ದರೆ ಎಷ್ಟು ರ್ಯಾಮ್ ಹಾಕಿಸಿದರೂ ಆ ಕೊರತೆ ಪೂರ್ತಿಯಾಗಿ ತುಂಬುವುದಿಲ್ಲ. ಬೇರೆ ಕಾರ್ಡಿಲ್ಲದ ಅಗ್ಗದ ಯಂತ್ರಗಳಲ್ಲಿ ಚಿತ್ರದ ಕೆಲಸಕ್ಕೂ ರ್ಯಾಮಿನದೇ ಒಂದು ಪಾಲು ಹೋಗುತ್ತದೆಂಬುದೂ ನೆನಪಿರಲಿ.

ಇನ್ನೆರಡು ಮಾಪಕಗಳು

ಯಂತ್ರವು ಬೀರುವಿಗೆ ಎಷ್ಟು ಸಲ ಎದ್ದುಹೋಗುತ್ತಿದೆ ಎಂಬುದನ್ನು ಎಣಿಸುವ ಮಾಪಕದ ಹೆಸರು ರಿಸೋರ್ಸ್ ಮಾನಿಟರ್. ಇದೂ ವಿಂಡೋಸಿನೊಳಗೇ ಇದೆ. ಹುಡುಕುವ ಪೆಟ್ಟಿಗೆಯಲ್ಲಿ ಆರ್, ಇ, ಎಸ್, ಎಂ, ಓ, ಎನ್ ಎಂಬ ಆರು ಇಂಗ್ಲಿಷ್ ಅಕ್ಷರಗಳನ್ನು ಬರೆದರೆ ದೊರೆಯುತ್ತದೆ. ಅದರ ಮೆಮೊರಿ ಭಾಗದಲ್ಲಿ "ಹಾರ್ಡ್ ಫಾಲ್ಟ್ಸ್" ಎಂಬ ಕಲಮಿದೆ. ಫಾಲ್ಟ್ ಎಂಬ ಮಾತು ಕಂಡು ಯಂತ್ರ ಕೆಟ್ಟಿದೆಯೆಂದು ಹೆದರಬೇಡಿರಿ. ಬೇಕಾದ ಸಾಮಗ್ರಿ ರ್ಯಾಮಿನಲ್ಲಿಲ್ಲದೆ ಡಿಸ್ಕಿನಿಂದ ತರಬೇಕಾಯಿತು ಎಂದಷ್ಟೇ ಅದರ ಅರ್ಥ. ಸಾಫ್ಟ್‌ವೇರು ತೆರೆಯುವಾಗ ಈ ಅಂಕಿ ಒಮ್ಮೆ ಜಿಗಿದು ಇಳಿಯುವುದು ಸಹಜ. ಕೆಲಸದ ನಡುವೆ ಸೆಕೆಂಡಿಗೆ ನೂರಾರರಂತೆ ಇಳಿಯದೆ ನಿಂತಿದ್ದರೆ, ಅದು ಮೇಜು ಸಾಲದೆಂಬುದರ ಗುರುತು.

ಇನ್ನಷ್ಟು ವಿವರ ಬೇಕೆನ್ನುವವರಿಗೆ ಪ್ರೊಸೆಸ್ ಎಕ್ಸ್‌ಪ್ಲೋರರ್ ಎಂಬುದಿದೆ. ಇದು ಸಿಸ್‌ಇಂಟರ್ನಲ್ಸ್ ಎಂಬ ಮಾಲಿಕೆಗೆ ಸೇರಿದ್ದು. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಎಂಬಿಬ್ಬರು 1996ರಲ್ಲಿ ಆರಂಭಿಸಿದ ಈ ಮಾಲಿಕೆಯನ್ನು 2006ರಲ್ಲಿ ಮೈಕ್ರೋಸಾಫ್ಟಿನವರು ಕೊಂಡರು. ಇಂದಿಗೂ ಉಚಿತವಾಗಿಯೇ ಕೊಡುತ್ತಾರೆ. ಕೆಲವೇ ಎಂಬಿಯ ಹಗುರ ಕಡತ. ಯಂತ್ರದಲ್ಲಿ ಸ್ಥಾಪಿಸಬೇಕಾದುದೂ ಇಲ್ಲ, ತೆರೆದೊಡನೆ ನಡೆಯುತ್ತದೆ. ಯಾವ ಸಾಫ್ಟ್‌ವೇರು ಯಾವುದನ್ನು ಹುಟ್ಟುಹಾಕಿತು ಎಂಬುದನ್ನು ವಂಶವೃಕ್ಷದಂತೆ ತೋರಿಸುತ್ತದೆ. ಅಂತರಜಾಲದ ಬ್ರೌಸರು ತೆರೆದ ಹತ್ತಾರು ಪುಟಗಳು ಒಟ್ಟು ಎಷ್ಟು ನುಂಗಿವೆಯೆಂಬುದು ಇಲ್ಲಿ ಬಯಲಾಗುತ್ತದೆ. ಇದನ್ನು ಮೈಕ್ರೋಸಾಫ್ಟಿನ ಸ್ವಂತ ತಾಣದಿಂದಲ್ಲದೆ ಬೇರೆಲ್ಲಿಂದಲೂ ಇಳಿಸಿಕೊಳ್ಳಬಾರದು. ಯಂತ್ರವು ಮಾಲಿಕರದಾಗಿದ್ದರೆ ಅವರ ಒಪ್ಪಿಗೆ ಪಡೆದೇ ಬಳಸತಕ್ಕದ್ದು. ಟಾಸ್ಕ್ ಮ್ಯಾನೇಜರ್ ಯಂತ್ರದಲ್ಲಿ ಮೊದಲೇ ಇರುವುದರಿಂದ ಹೊರಗಿನದೇನನ್ನೂ ತರಬೇಕಾದ ಪ್ರಶ್ನೆಯೇ ಬರುವುದಿಲ್ಲ.

ಲಿನಕ್ಸ್ ಬಳಸುವವರಿಗೆ "ಫ್ರೀ" ಎಂಬ ಆಜ್ಞೆ ಸಾಕು. ಅದರಲ್ಲಿ "ಫ್ರೀ" ಎಂಬ ಕಲಮನ್ನು ಬಿಟ್ಟು "ಅವೈಲಬಲ್" ಎಂಬುದನ್ನೇ ನೋಡಬೇಕು. ಬಣ್ಣಬಣ್ಣದ ಗೆರೆಗಳಲ್ಲಿ ನೋಡಬೇಕೆಂದರೆ ಎಚ್‌ಟಾಪ್ ಎಂಬ ಉಚಿತ ಮಾಪಕವಿದೆ. ಆಪಲ್ ಕಂಪನಿಯ ಯಂತ್ರಗಳಲ್ಲಿ ಆಕ್ಟಿವಿಟಿ ಮಾನಿಟರ್ ಇದೆ. ಅದರಲ್ಲಿ ಮೆಮೊರಿಯ ಒತ್ತಡವನ್ನು ತೋರಿಸುವ ನಕ್ಷೆ ಹಸಿರಾಗಿದ್ದರೆ ಕ್ಷೇಮ, ಹಳದಿಯಾದರೆ ಎಚ್ಚರ, ಕೆಂಪಾದರೆ ಕೊರತೆ.

ಚಿತ್ರದ ಸಾಫ್ಟ್‌ವೇರುಗಳು ಕೊಡುವ ಸೂಚನೆ

ಕೆಲವು ಸಾಫ್ಟ್‌ವೇರುಗಳು ತಮ್ಮ ಸ್ಥಿತಿಯನ್ನು ತಾವೇ ಹೇಳುತ್ತವೆ. ಫೋಟೋಶಾಪಿನಲ್ಲಿ ಚಿತ್ರದ ಕೆಳಗಿನ ಪಟ್ಟಿಯಲ್ಲಿರುವ ಬಾಣದ ಗುರುತು ಒತ್ತಿ "ಎಫಿಶಿಯೆನ್ಸಿ" ಎಂಬುದನ್ನು ಆರಿಸಿರಿ. 100 ಎಂದಿದ್ದರೆ ಕೆಲಸವೆಲ್ಲ ರ್ಯಾಮಿನಲ್ಲೇ ನಡೆಯುತ್ತಿದೆ. ಅದಕ್ಕಿಂತ ಕೆಳಗಿಳಿದರೆ ಡಿಸ್ಕನ್ನು ಆಶ್ರಯಿಸಿದೆಯೆಂದು ಅರ್ಥ. ಉಚಿತ ಸಾಫ್ಟ್‌ವೇರಾದ ಜಿಂಪಿನಲ್ಲಿ 2018ರ 2.10ನೆಯ ಆವೃತ್ತಿಯಿಂದ ಡ್ಯಾಶ್‌ಬೋರ್ಡ್ ಎಂಬ ಫಲಕವಿದ್ದು, ಮೆಮೊರಿಯನ್ನೂ ಡಿಸ್ಕಿನ ಸಾಗಣೆಯನ್ನೂ ಒಟ್ಟಿಗೆ ತೋರಿಸುತ್ತದೆ. ಮೂರು ಆಯಾಮದ ಕೆಲಸಕ್ಕೆ ಹೆಸರಾದ, ಅದೂ ಉಚಿತವಾದ ಬ್ಲೆಂಡರಿನಲ್ಲಿ ತೀರ ಕೆಳಗಿನ ಪಟ್ಟಿಯ ಮೇಲೆ ಬಲಗುಂಡಿ ಒತ್ತಿ "ಸಿಸ್ಟಮ್ ಮೆಮೊರಿ"ಗೆ ಗುರುತು ಹಾಕಿದರೆ ಅಂಕಿಯು ಸದಾ ಕಣ್ಣಮುಂದಿರುತ್ತದೆ.

ಅಂಕಿಗಳನ್ನು ಓದುವ ಕ್ರಮ

ದೊಡ್ಡ ಚಿತ್ರ ತೆರೆದು, ಯಂತ್ರ ನಿಧಾನವಾದ ಹೊತ್ತಿನಲ್ಲಿಯೇ ಮಾಪಕ ನೋಡಬೇಕು. ಆಗ ಈ ಐದರಲ್ಲಿ ಒಂದು ಕಾಣಬಹುದು.

1. ಅವೈಲಬಲ್ ಬಹಳ ಕಡಿಮೆ, ಹಾರ್ಡ್ ಫಾಲ್ಟ್ ನಿಲ್ಲದೆ ಹೆಚ್ಚು, ಡಿಸ್ಕು ಪೂರ್ತಿ ಕೆಲಸದಲ್ಲಿ: ಮೆಮೊರಿ ನಿಜವಾಗಿ ಸಾಲದು. ಮೊದಲು ಬ್ರೌಸರನ್ನೂ ಬೇಡದ ಚಿತ್ರಗಳನ್ನೂ ಮುಚ್ಚಿರಿ, ಮುಗಿದ ಪದರಗಳನ್ನು ಕೂಡಿಸಿರಿ, ಹಿಂದಕ್ಕೆ ಹೋಗುವ ಹೆಜ್ಜೆಗಳ ಸಂಖ್ಯೆ ತಗ್ಗಿಸಿರಿ. ಅದರಿಂದಲೂ ಆಗದಿದ್ದರೆ ಮೆಮೊರಿ ಕೊಳ್ಳುವುದು ಸರಿ.

2. ಮೆಮೊರಿ ಧಾರಾಳವಾಗಿದೆ, ಸಿಪಿಯು ಮಾತ್ರ 100: ಪ್ರೊಸೆಸರಿಗೆ ಶಕ್ತಿ ಸಾಲದು. ಹೊಸ ಮೆಮೊರಿಯಿಂದ ಪ್ರಯೋಜನವಿಲ್ಲ.

3. ಮೆಮೊರಿ ಧಾರಾಳ, ಸಿಪಿಯು ಬಿಡುವಾಗಿದೆ, ಡಿಸ್ಕು ಮಾತ್ರ 100: ಡಿಸ್ಕೇ ನಿಧಾನ. ಬಟ್ಟೆಯ ಚಿತ್ತಾರದ ಕೆಲಸದಲ್ಲಿರುವ ನಮ್ಮ ಸದಸ್ಯರೊಬ್ಬರ ಸಂಗತಿ ಹೀಗೆಯೇ ಆಯಿತು. ಅಂಗಡಿಯವರ ಮಾತಿನಂತೆ 8 ಜಿಬಿಯನ್ನು 16 ಮಾಡಿಸಿದರು. ಯಂತ್ರ ಇದ್ದಂತೆಯೇ ಇತ್ತು. ಬಳಿಕ ಮಾಪಕ ತೆರೆದರೆ ಬಳಕೆಯಲ್ಲಿದ್ದುದು 5 ಜಿಬಿ ಮಾತ್ರ; ಹಳೆಯ ಹಾರ್ಡ್ ಡಿಸ್ಕು 100ರಿಂದ ಕೆಳಗಿಳಿಯುತ್ತಲೇ ಇರಲಿಲ್ಲ. ಅವರಿಗೆ ಬೇಕಾಗಿದ್ದುದು ಎಸ್‌ಎಸ್‌ಡಿ ಡಿಸ್ಕು.

4. ಅದೇ ಚಿತ್ರ, ಅದೇ ಕೆಲಸ. ಆದರೂ ಒಂದು ಸಾಫ್ಟ್‌ವೇರಿನ ಬಳಕೆ ತಾಸು ತಾಸಿಗೆ ಏರುತ್ತಲೇ ಇದೆ, ಇಳಿಯುವುದೇ ಇಲ್ಲ: ಪಡೆದ ಮೆಮೊರಿಯನ್ನು ಅದು ಹಿಂದಿರುಗಿಸುತ್ತಿಲ್ಲವೆಂಬ ಶಂಕೆಗೆ ಎಡೆಯಿದೆ. ಊಟದ ಬಿಡುವಿನಲ್ಲಿ ಸೇವ್ ಮಾಡಿ, ಮುಚ್ಚಿ, ಮತ್ತೆ ತೆರೆಯಿರಿ. ಹೊಸ ಆವೃತ್ತಿ ಬಂದಿದ್ದರೆ ಹಾಕಿಕೊಳ್ಳಿರಿ.

5. ರ್ಯಾಮಿನಲ್ಲಿ ಇನ್ನೂ ಜಾಗವಿದೆ, ಆದರೆ ಕಮಿಟೆಡ್ ಜೋಡಿ ಒಂದನ್ನೊಂದು ಮುಟ್ಟುತ್ತಿದೆ: ಪೇಜ್ ಫೈಲು ಬೆಳೆಯಲು ಅವಕಾಶವಿಲ್ಲ. ವಿಂಡೋಸ್ ಇರುವ ಸಿ ಡಿಸ್ಕು ತುಂಬಿರಬಹುದು. ಹಳೆಯ ಕಡತಗಳನ್ನು ಬೇರೆಡೆಗೆ ಸಾಗಿಸಿ ಜಾಗ ಬಿಡಿಸಿದರೆ, ಪೇಜ್ ಫೈಲಿನ ಗಾತ್ರವನ್ನು ವಿಂಡೋಸಿಗೇ ಬಿಟ್ಟುಕೊಟ್ಟಿದ್ದರೆ, ಕಾಸಿಲ್ಲದೆಯೇ ತೊಂದರೆ ಪರಿಹಾರವಾದೀತು.

ಮೆಮೊರಿ ತೊಳೆಯುವ ಸಾಫ್ಟ್‌ವೇರುಗಳು

ಒಂದು ಗುಂಡಿ ಒತ್ತಿದರೆ ಮೆಮೊರಿಯನ್ನು ಖಾಲಿ ಮಾಡಿ ಯಂತ್ರವನ್ನು ಚುರುಕುಗೊಳಿಸುತ್ತೇವೆಂದು ಸಾರುವ ಸಾಫ್ಟ್‌ವೇರುಗಳು ಬಹಳ ಇವೆ. ಇವು ಮಾಡುವುದೇನು? ತೆರೆದಿರುವ ಸಾಫ್ಟ್‌ವೇರುಗಳ ಸಾಮಗ್ರಿಯನ್ನು ಬಲವಂತವಾಗಿ ಮೇಜಿನಿಂದ ಕೆಳಗಿಳಿಸುವುದು. ಅಂಕಿ ಇಳಿದು ಚೆನ್ನಾಗಿ ಕಾಣುತ್ತದೆ. ಆದರೆ ಮುಂದಿನ ಕ್ಷಣದಲ್ಲಿ ಅದೇ ಸಾಮಗ್ರಿ ಬೇಕಾಗಿ, ಯಂತ್ರವು ಅದನ್ನು ಮತ್ತೆ ಹೊತ್ತು ತರಬೇಕು. ಹೀಗೆ ಕೆಲಸ ಇನ್ನಷ್ಟು ನಿಧಾನವಾಗುತ್ತದೆ. ಜೊತೆಗೆ ಇಂಥವುಗಳಲ್ಲಿ ಕೆಲವು ಜಾಹೀರಾತನ್ನೋ ಕಳ್ಳ ಸಾಫ್ಟ್‌ವೇರನ್ನೋ ಒಳಗೆ ತರುತ್ತವೆ. ಇವನ್ನು ದೂರವಿಡುವುದೇ ಲೇಸು. ಅಲಂಕಾರದ ಗಡಿಯಾರ, ಮುಳ್ಳು, ಬಣ್ಣದ ಚಕ್ರಗಳನ್ನು ಪರದೆಯ ಮೇಲೆ ಕುಣಿಸುವ ಮಾಪಕಗಳೂ ಬೇಡ. ಅವು ತಾವೇ ಒಂದಷ್ಟು ಮೆಮೊರಿ ತಿನ್ನುತ್ತವೆ.

ಒಂದು ವಾರದ ದಾಖಲೆ

ಗಿರಣಿಯ ಲೆಕ್ಕಪತ್ರದಲ್ಲಿ ಕೆಲಸ ಮಾಡುವವನಾದುದರಿಂದ ನನಗೆ ಒಂದು ದಿನದ ಅಂಕಿಯ ಮೇಲೆ ಹೆಚ್ಚು ನಂಬಿಕೆಯಿಲ್ಲ. ಒಂದು ಸಾಧಾರಣ ನೋಟುಪುಸ್ತಕದಲ್ಲಿ ಆರು ಕಲಮು ಎಳೆಯಿರಿ: ತಾರೀಖು ಮತ್ತು ಹೊತ್ತು; ಯಾವ ಕೆಲಸ, ಎಷ್ಟು ದೊಡ್ಡ ಚಿತ್ರ; ಇನ್ ಯೂಸ್; ಕಮಿಟೆಡ್ ಜೋಡಿ; ಡಿಸ್ಕಿನ ಶೇಕಡಾ; ಕಾದ ಸಮಯ. ದಿನಕ್ಕೆ ಮೂರು ಸಲ, ಅದರಲ್ಲೂ ಯಂತ್ರ ನಿಂತಾಗ ತಪ್ಪದೆ, ಒಂದು ಸಾಲು ಬರೆಯಿರಿ. ಅರ್ಧ ನಿಮಿಷದ ಕೆಲಸ. ಆರು ದಿನದಲ್ಲಿ ಹದಿನೆಂಟು ಸಾಲಾಗುತ್ತದೆ. ಮೇಲೆ ಹೇಳಿದ ಐದರಲ್ಲಿ ನಿಮ್ಮದು ಯಾವುದೆಂಬುದು ಅಷ್ಟರೊಳಗೆ ಗೊತ್ತಾಗುತ್ತದೆ.

ಈ ಪುಸ್ತಕದಿಂದ ಇನ್ನೊಂದು ಉಪಯೋಗವಿದೆ. ಯಂತ್ರ ಮಾಲಿಕರದು, ಕೆಲಸ ನಿಧಾನವೆಂಬ ಆಪಾದನೆ ನಿಮ್ಮ ಮೇಲೆ ಎಂದಾದಾಗ ಬರೀ ಬಾಯಿಮಾತಿನಿಂದ ವಾದಿಸಿದರೆ ಕೇಳುವವರಿಲ್ಲ. "ಇಂಥ ದಿನ, ಇಂಥ ಚಿತ್ರಕ್ಕೆ ಯಂತ್ರವು ಇಷ್ಟು ನಿಮಿಷ ನಿಂತಿತು, ಒಟ್ಟು ವಾರದಲ್ಲಿ ಇಷ್ಟು ತಾಸು ಹೋಯಿತು, ಕೊರತೆ ಇರುವುದು ಇಲ್ಲಿ" ಎಂದು ಲೆಕ್ಕವನ್ನು ಮುಂದಿಟ್ಟರೆ ಯಾವ ಸೇಠರೂ ಒಮ್ಮೆ ಯೋಚಿಸಿಯಾರು. ಅವರ ಹಣವೂ ಸರಿಯಾದ ವಸ್ತುವಿಗೇ ಖರ್ಚಾಗುತ್ತದೆ. ನೌಕರನೂ ಮಾಲಿಕನೂ ಇಬ್ಬರೂ ಒಪ್ಪಬಹುದಾದ ಸಾಕ್ಷಿ ಅಂಕಿಗಳದೇ.

ಕೊಳ್ಳಲೇಬೇಕಾದರೆ

ದಾಖಲೆಯಿಂದ ಮೆಮೊರಿಯೇ ಸಾಲದೆಂದು ಸಿದ್ಧವಾದರೆ ಅಂಗಡಿಗೆ ಹೋಗುವ ಮೊದಲು ಮತ್ತೆ ಟಾಸ್ಕ್ ಮ್ಯಾನೇಜರನ್ನೇ ತೆರೆಯಿರಿ. ಮೆಮೊರಿ ಪುಟದ ಕೆಳಗೆ "ಸ್ಲಾಟ್ಸ್ ಯೂಸ್ಡ್" ಎಂದಿರುತ್ತದೆ. ಎರಡರಲ್ಲಿ ಒಂದು ಎಂದಿದ್ದರೆ ಒಂದು ಖಾನೆ ಖಾಲಿಯಿದೆಯೆಂದು ಸಾಮಾನ್ಯವಾಗಿ ತಿಳಿಯಬಹುದು. ಹಳೆಯ ಪಟ್ಟಿಯನ್ನು ಕಿತ್ತುಹಾಕದೆ ಹೊಸದನ್ನು ಸೇರಿಸಲು ಸಾಧ್ಯ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಂಬ ಬಗೆಗಳು ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಮೇಜಿನ ಯಂತ್ರದ ಪಟ್ಟಿ ಉದ್ದ, ಲ್ಯಾಪ್‌ಟಾಪಿನದು ಗಿಡ್ಡ. ಕೆಲವು ತೆಳುವಾದ ಲ್ಯಾಪ್‌ಟಾಪುಗಳಲ್ಲಿ ಮೆಮೊರಿಯನ್ನು ಹಲಗೆಗೇ ಬೆಸೆದಿರುತ್ತಾರೆ. ಅಂಥವುಗಳಲ್ಲಿ ಅದನ್ನು ಬದಲಾಯಿಸುವಂತಿಲ್ಲ. ತೀರ ಹಳೆಯ 32 ಬಿಟ್ಟಿನ ವಿಂಡೋಸ್ ಇದ್ದರೆ 4 ಜಿಬಿಗಿಂತ ಮೇಲೆ ಹಾಕಿಸಿ ಫಲವಿಲ್ಲ. ಸಾಧಾರಣವಾಗಿ ಅದು ಅದನ್ನು ಬಳಸಲಾರದು. ಹೊಸ ಪಟ್ಟಿ ಹಾಕಿಸಿದ ದಿನವೇ ಮಾಪಕ ತೆರೆದು ಪೂರ್ತಿ ಅಂಕಿ ಕಾಣುತ್ತದೆಯೋ ಇಲ್ಲವೋ ನೋಡಿ, ಬಿಲ್ಲು ಪಡೆದು ಇಟ್ಟುಕೊಳ್ಳಿರಿ. ಮುಂದಿನ ವಾರವೂ ಅದೇ ಪುಸ್ತಕದಲ್ಲಿ ಅದೇ ಕಲಮುಗಳನ್ನು ತುಂಬಿರಿ. ಕಾದ ಸಮಯ ಎಷ್ಟು ಇಳಿಯಿತೆಂಬುದು ಆಗ ಕಾಣುತ್ತದೆ.

ಟಾಸ್ಕ್ ಮ್ಯಾನೇಜರ್ ತೆರೆದು ನೋಡುವ ಅಭ್ಯಾಸವಿಲ್ಲದ ಬಂಧುಗಳು ರವಿವಾರ ಬೆಳಗ್ಗೆ ವಾಚನಾಲಯಕ್ಕೆ ಬಂದರೆ ಇಲ್ಲಿರುವ ಯಂತ್ರದಲ್ಲಿ ತೋರಿಸಿಕೊಡಲಾಗುವುದು. ಬರುವಾಗ ತಮ್ಮ ಯಂತ್ರದ ಮೆಮೊರಿ ಪುಟವನ್ನು ಫೋನಿನಲ್ಲಿ ಚಿತ್ರ ತೆಗೆದು ತಂದರೆ, ಅದನ್ನೇ ಮುಂದಿಟ್ಟುಕೊಂಡು ಮಾತನಾಡಲು ಅನುಕೂಲವಾಗುತ್ತದೆ.